ಅಲಿಫ್ ಕಲಿಸುವ ಮುನ್ನ

ಶವ್ವಾಲ್ ಬಂದರೆ ಅನೇಕ ಮದ್ರಸಗಳಲ್ಲಿ ಹೊಸ ಮಕ್ಕಳ ದಾಖಲಾತಿ. "ಮಗುವಿಗೆ ನಾಲ್ಕು ತುಂಬಿತು, ಕುರ್‌ಆನ್ ಓದಲು ಕೂರಿಸಬಹುದೇ ಉಸ್ತಾದ್?" ಎಂದು ತಾಯಂದಿರು ಕೇಳುತ್ತಾರೆ.

ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನಕ್ಕೆ ಬಿಸ್ಮಿಲ್ಲಾ ಹೇಳಿಸುವ ರೂಢಿ ಹಲವು ಮನೆಗಳಲ್ಲಿದೆ. ಸಂತೋಷದ ರೂಢಿ, ಆದರೆ ಅದು ಶರೀಅತ್ ವಿಧಿಸಿದ ವಯಸ್ಸಲ್ಲ. ನಮಾಝ್‌ಗೆ ಕೂಡ ಏಳನೇ ವಯಸ್ಸಿನಲ್ಲಿ ಆದೇಶಿಸಿರೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹಾಗಾಗಿ ಮಗುವಿನ ಜನ್ಮದಿನಾಂಕ ನೋಡಬೇಡಿ, ಮಗುವನ್ನು ನೋಡಿ.

ಮೊದಲು ಕಿವಿ. ನಾಲಗೆಯ ಬುಡದಿಂದ ಹೊರಡುವ ಖಾಫ್‌ನಿಂದ ಹೇಳಿದರೆ 'ಕಲ್ಬ್' ಎಂದರೆ ಹೃದಯ. ತುಸು ಮುಂದಿನಿಂದ ಬರುವ ಕಾಫ್‌ನಿಂದ ಹೇಳಿದರೆ ನಾಯಿ! ಕನ್ನಡದ ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಆಟದಂತೆ ಎರಡನ್ನೂ ಹೇಳಿ ನೋಡಿ. ವ್ಯತ್ಯಾಸ ಗುರುತಿಸಿದರೆ ಮಗುವಿನ ಕಿವಿ ತೆರೆದಿದೆ ಎಂದರ್ಥ.

ಅನಂತರ ಕುಳಿತುಕೊಳ್ಳುವ ಶಕ್ತಿ. ಹತ್ತು ನಿಮಿಷ ಇಷ್ಟಪಟ್ಟು ಕುಳಿತು, ಕೇಳಿದ್ದನ್ನು ಮರಳಿ ಹೇಳುವ ಮಗುವಿಗೆ ಪಾಠ ಆರಂಭಿಸಬಹುದು. ಎರಡೇ ನಿಮಿಷಕ್ಕೆ ಎದ್ದು ಓಡಿದರೆ ಬೈಯಬೇಡಿ, ಕೆಲವು ತಿಂಗಳು ಕಾಯಿರಿ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸಾ, ಝಾಲ್, ಝಾ ಎಂಬ ಮೂರು ಅಕ್ಷರಗಳಿಗೆ ನಾಲಗೆಯ ತುದಿ ಮೇಲಿನ ಮುಂಹಲ್ಲುಗಳ ಅಂಚನ್ನು ತಾಗಬೇಕು. ಆರೇಳು ವರ್ಷದಲ್ಲಿ ಆ ಹಲ್ಲುಗಳೇ ಬಿದ್ದಿರುತ್ತವೆ! ಆಗ ಉಚ್ಚಾರ ತಪ್ಪಿದರೆ ಅದು ಮಗುವಿನ ಅಲಕ್ಷ್ಯವಲ್ಲ. ಹೊಸ ಹಲ್ಲು ಬರಲಿ, ತಿದ್ದಿದರಾಯಿತು.

ಹಿಫ್ಝ್‌ನ ಮಾತು ಬೇರೆ. ಮೂವತ್ತು ಜುಝ್ಅ್ ಕಂಠಪಾಠವೆಂದರೆ ವರ್ಷಗಳ ಶ್ರಮ. ಹೆತ್ತವರ ಆಸೆಯೊಂದೇ ಸಾಲದು. ಚಿಕ್ಕ ಸೂರಃಗಳನ್ನು ಕಲಿತು, "ಇನ್ನೊಂದು ಹೇಳಿಕೊಡಿ" ಎಂದು ಮಗುವೇ ಕೇಳಬೇಕು. ಮನೆ ಬಿಟ್ಟು ಹಾಸ್ಟೆಲಿನಲ್ಲಿ ಇರಬಲ್ಲದೇ ಎಂಬುದನ್ನೂ ಮಗುವಿನೊಂದಿಗೆ ಮಾತನಾಡಿ ತಿಳಿಯಿರಿ.

ನೆರೆಮನೆಯ ಮಗು ಯಾಸೀನ್ ಓದುತ್ತದೆಂದು ನಮ್ಮ ಮಗುವನ್ನು ಗದರಿಸಿದರೆ ಏನಾಗುತ್ತದೆ? ಅತಿಯಾದ ಕಠೋರತೆ ಮಕ್ಕಳಲ್ಲಿ ಸುಳ್ಳು, ಸೋಮಾರಿತನ ಬೆಳೆಸುತ್ತದೆಂದು ಇಬ್ನು ಖಲ್ದೂನ್ 1377ರಲ್ಲಿ ಬರೆದ ಮುಕದ್ದಿಮದಲ್ಲೇ ಎಚ್ಚರಿಸಿದ್ದಾರೆ. ಪೆಟ್ಟಿನ ಭಯದಿಂದ ಓದಿದ ಮಗು ಮದ್ರಸ ಬಿಟ್ಟ ದಿನವೇ ಮುಸ್‌ಹಫನ್ನು ಕಪಾಟಿನಲ್ಲಿಡಬಹುದು. ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿ(ಸ)ರು ಹೇಳಿರುವಾಗ ನಮಗೇಕೆ ಅವಸರ?

ಅಲ್ಲಿಯವರೆಗೆ ಸುಬಹ್ ನಂತರ ನೀವೇ ಸ್ವಲ್ಪ ಗಟ್ಟಿಯಾಗಿ ಓದಿ. ಮಗು ಪಕ್ಕದಲ್ಲಿ ಆಡಿಕೊಂಡಿರಲಿ, ಅದರ ಕಿವಿ ಕೇಳುತ್ತಿರುತ್ತದೆ. ಅಲ್ಲಾಹನು ನಮ್ಮ ಮಕ್ಕಳ ಹೃದಯದಲ್ಲಿ ಕುರ್‌ಆನಿನ ಪ್ರೀತಿಯನ್ನು ಬೆಳೆಸಲಿ. ಆಮೀನ್.