ತಕ್ಕಡಿಗೆ ಹತ್ತದ ಕಸ



ಗಣಿತದ ಮೇಷ್ಟ್ರು ನಿವೃತ್ತರಾದರೂ ಲೆಕ್ಕ ಬಿಡುವುದಿಲ್ಲವೆಂಬುದು ನನ್ನ ಶ್ರೀಮತಿಯ ಆಕ್ಷೇಪ. ಒಂದು ತಿಂಗಳು ಮನೆಯ ಪ್ಲಾಸ್ಟಿಕ್ಕನ್ನೆಲ್ಲ ಗೋಣಿಚೀಲದಲ್ಲಿ ಕೂಡಿಟ್ಟು, ಹೊಸಪೇಟೆಯ ನಮ್ಮ ಬೀದಿಗೆ ಬರುವ ಗುಜರಿಯವನ ಮುಂದೆ ಸುರಿದೆ. ಎಣ್ಣೆಯ ಡಬ್ಬಿ, ನೀರಿನ ಬಾಟಲಿ, ಹಾಲಿನ ಕವರುಗಳನ್ನು ಆರಿಸಿ ತೂಗಿದ. ಬಿಸ್ಕತ್ತು, ಚಿಪ್ಸು, ಶಾಂಪೂಗಳ ಪೊಟ್ಟಣಗಳನ್ನು ನನ್ನತ್ತಲೇ ಸರಿಸಿ, "ಇವು ತಕ್ಕಡಿಗೆ ಹತ್ತಂಗಿಲ್ರೀ ಸರ" ಎಂದ. ದೇಶದ ಲೆಕ್ಕವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ ಎಂದು ನನಗೆ ತೋರಿತು.

ಭಿನ್ನರಾಶಿಯ ಪಾಠದಲ್ಲಿ "ಅಂಶಕ್ಕಿಂತ ಮೊದಲು ಛೇದವನ್ನು ನೋಡಿರಿ" ಎನ್ನುತ್ತಿದ್ದುದು ನಿಮಗೆ ನೆನಪಿರಬಹುದು. ನಮ್ಮ ದೇಶದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಶೇಕಡಾ 60ರಷ್ಟು ಮರುಬಳಕೆಯಾಗುತ್ತದೆ ಎಂಬ ಮಾತು ಬಹುಕಾಲದಿಂದ ಚಲಾವಣೆಯಲ್ಲಿದೆ. ಯಾವುದರಲ್ಲಿ ಶೇಕಡಾ 60?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 60 ನಗರಗಳ ಅಧ್ಯಯನವನ್ನು ಆಧರಿಸಿ 2015ರಲ್ಲಿ ಪ್ರಕಟಿಸಿದ ಅಂದಾಜು ದಿನಕ್ಕೆ 25,940 ಟನ್. 365ರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 95 ಲಕ್ಷ ಟನ್. ಅದೇ ಮಂಡಳಿಯ 2020-21ರ ವಾರ್ಷಿಕ ವರದಿಯಲ್ಲಿರುವುದು ಸುಮಾರು 41 ಲಕ್ಷ ಟನ್. ಕಸ ಅರ್ಧಕ್ಕಿಂತ ಕಡಿಮೆಯಾಯಿತೇ? ನಮ್ಮ ಕಣ್ಣು ಹಾಗೆ ಹೇಳುವುದಿಲ್ಲ. ಮೊದಲನೆಯದು ಅಂದಾಜು; ಎರಡನೆಯದು ಸ್ಥಳೀಯ ಸಂಸ್ಥೆಗಳಿಂದ ರಾಜ್ಯದ ಮಂಡಳಿಗಳಿಗೆ, ಅಲ್ಲಿಂದ ದೆಹಲಿಗೆ ತಲುಪಿದ ಅಂಕಿಗಳ ಮೊತ್ತ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2024ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಮತ್ತೊಂದು ಅಂದಾಜು ಕೊಟ್ಟರು. ಭಾರತದಲ್ಲಿ ಚೆಲ್ಲಿಹೋಗುವ ಮತ್ತು ಬಯಲಲ್ಲಿ ಸುಟ್ಟುಹೋಗುವ ಪ್ಲಾಸ್ಟಿಕ್ಕೇ ವರ್ಷಕ್ಕೆ 93 ಲಕ್ಷ ಟನ್. ಅದರಲ್ಲಿ ಸುಟ್ಟದ್ದೇ ಹೆಚ್ಚು. ಹಳ್ಳಿಗಳ ಕಸ, ಸುಟ್ಟ ಕಸ, ಚಿಂದಿ ಆಯುವವರ ಕೈಸೇರಿದ ಕಸ ಸರ್ಕಾರಿ ಲೆಕ್ಕಕ್ಕೆ ಬರುವುದಿಲ್ಲವೆಂದು ಅವರು ಹೇಳುತ್ತಾರೆ.

ಇದನ್ನರಿಯಲು ಲೀಡ್ಸಿಗೆ ಹೋಗಬೇಕಿಲ್ಲ. ಕಂಪ್ಲಿಯ ದಾರಿಯ ಹಳ್ಳಿಗಳಲ್ಲಿ ನೀರೊಲೆ ಹೊತ್ತಿಸಲು ಪ್ಲಾಸ್ಟಿಕ್ ಹಾಕುವುದನ್ನು ಕಂಡಿದ್ದೇನೆ. ವಿಜಯನಗರದರಸರ ಕಾಲದಿಂದ ಹರಿಯುತ್ತಿರುವ ಹಂಪಿಯ ತುರ್ತು ಕಾಲುವೆಯ ದಂಡೆಯಲ್ಲಿ, ಬಾಳೆಯ ಬುಡದಲ್ಲಿ ಅದೇ ಪೊಟ್ಟಣಗಳು. ಇವನ್ನು ತೂಗಿದವರಾರು? ಸಂಡೂರಿನವರಿಗಂತೂ ಇದು ಹೊಸ ಪಾಠವಲ್ಲ. ಪರವಾನಗಿಯ ಕಾಗದದಲ್ಲಿದ್ದ ತೂಕವೇ ಬೇರೆ, ಲಾರಿಯಲ್ಲಿ ಸಾಗಿದ ಅದಿರಿನ ತೂಕವೇ ಬೇರೆ ಎಂಬುದನ್ನು 2011ರ ಲೋಕಾಯುಕ್ತ ವರದಿ ಬಯಲಿಗೆಳೆದಿತ್ತು.

ಇನ್ನು ಮರುಬಳಕೆಯ ಮಿತಿ. ನೀರಿನ ಬಾಟಲಿ ಕರಗಿ ನೂಲಾಗಬಹುದು. ಆದರೆ ಕರಗಿಸಿದಷ್ಟೂ ಪ್ಲಾಸ್ಟಿಕ್ಕಿನ ಗುಣ ಕುಂದುತ್ತದೆ. ಚಿಪ್ಸಿನ ಪೊಟ್ಟಣದಲ್ಲಿ ಹಲವು ಪದರಗಳು ಅಂಟಿಕೊಂಡಿರುತ್ತವೆ. ಬಿಡಿಸುವ ಖರ್ಚು ಸಿಗುವ ಬೆಲೆಗಿಂತ ಹೆಚ್ಚು. ಆದ್ದರಿಂದಲೇ ಗುಜರಿಯವನು ಮುಟ್ಟುವುದಿಲ್ಲ. 2017ರ ಒಂದು ಅಧ್ಯಯನದಂತೆ, 2015ರವರೆಗೆ ಜಗತ್ತಿನಲ್ಲಿ ಉಂಟಾದ ಸುಮಾರು 630 ಕೋಟಿ ಟನ್ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಶೇಕಡಾ 9 ಮಾತ್ರ.

ಕರ್ನಾಟಕ 2016ರಲ್ಲಿ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೆಲವು ಏಕಬಳಕೆಯ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ಸ್ವಾಗತಾರ್ಹವೇ. ಆದರೆ ಪೊಟ್ಟಣಗಳು ಆ ಪಟ್ಟಿಯ ಹೊರಗುಳಿದವು. ನನ್ನ ಅಭಿಪ್ರಾಯವಿಷ್ಟೆ: ಛೇದವನ್ನು ಚರಂಡಿಯಲ್ಲಿ ಹುಡುಕುವುದಕ್ಕಿಂತ ಕಾರ್ಖಾನೆಯ ಬಾಗಿಲಲ್ಲಿ ಬರೆದುಕೊಳ್ಳುವುದು ಲೇಸು. ತಾನು ಎಷ್ಟು ಪ್ಲಾಸ್ಟಿಕ್ ಕೊಂಡೆನೆಂಬುದು ತಯಾರಕನ ಖಾತೆಯಲ್ಲಿ ಇದ್ದೇ ಇರುತ್ತದೆ. ಆ ಅಂಕಿ ಎಲ್ಲರಿಗೂ ಕಾಣುವಂತಾಗಲಿ. ಮರುಬಳಕೆಗೆ ಒದಗದ ಪೊಟ್ಟಣ ತಯಾರಾಗುವುದೇ ಕಡಿಮೆಯಾಗಲಿ.

ನಿಮ್ಮಲ್ಲಿ ಕೆಲವರು ನಗರಸಭೆ, ಪುರಸಭೆಗಳಲ್ಲಿದ್ದೀರಿ. ನಮೂನೆ ತುಂಬುವಾಗ, ತೂಗಿದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬೇರೆಬೇರೆಯಾಗಿ ಬರೆಯಿರಿ. ಉತ್ತರ ತಪ್ಪಿದರೂ ಕ್ರಮ ಸರಿಯಿದ್ದರೆ ನಾನು ಅಂಕ ಕೊಡುತ್ತಿದ್ದೆನಲ್ಲವೇ?

ಗುಜರಿಯವನು ಸರಿಸಿದ ಪೊಟ್ಟಣಗಳು ಇನ್ನೂ ನಮ್ಮ ಹಿತ್ತಲಿನಲ್ಲಿವೆ. ಸುಡಲು ಮನಸ್ಸಿಲ್ಲ, ಎಸೆಯಲು ತಾವಿಲ್ಲ. ಏನು ಮಾಡುತ್ತೀರೆಂದು ಶ್ರೀಮತಿ ದಿನವೂ ಕೇಳುತ್ತಾಳೆ. ಈ ಲೆಕ್ಕಕ್ಕೆ ಮೇಷ್ಟ್ರ ಬಳಿ ಉತ್ತರವಿಲ್ಲ.