ಚುಕ್ಕಾಣಿ ಇಬ್ಬರಿಗೂ ಗೊತ್ತಿರಲಿ



ಡಿಸೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಕುಸ್ವಾರ್ ತಯಾರಿ, ಗೋದಲಿಯ ಕೆಲಸ, ಊರಿಗೆ ಬರುವ ನೆಂಟರ ಗಡಿಬಿಡಿ. ಗಂಡ-ಹೆಂಡತಿ ಎದುರುಬದುರು ಕುಳಿತು ಹತ್ತು ನಿಮಿಷ ಮಾತನಾಡಲು ಪುರುಸೊತ್ತಿರುವುದಿಲ್ಲ. ಇದೇ ದಿನಗಳಲ್ಲಿ ಅಮೆರಿಕದ ಪೂರ್ವ ಕರಾವಳಿಯಿಂದ ಎಷ್ಟೋ ದಂಪತಿಗಳು ತಮ್ಮ ಪುಟ್ಟ ಹಾಯಿದೋಣಿಯಲ್ಲಿ ಇಬ್ಬರೇ ಬಿಸಿಲನ್ನು ಹುಡುಕಿಕೊಂಡು ಹೊರಡುತ್ತಾರೆ. ಅವರ ರಜೆಯ ಕಥೆಯಲ್ಲಿ ನಮಗೂ ಒಂದು ಪಾಠವಿದೆ.

ಚಳಿಗಾಲದಲ್ಲಿ ದಕ್ಷಿಣಕ್ಕೆ ಹೋಗುವ ಇಂಥವರನ್ನು ಅಲ್ಲಿ ತಮಾಷೆಗೆ ‘ಹಿಮಹಕ್ಕಿಗಳು’ ಎನ್ನುತ್ತಾರೆ. ಜೂನ್ 1ರಿಂದ ನವೆಂಬರ್ 30ರ ತನಕ ಅಟ್ಲಾಂಟಿಕ್ ಸಾಗರದಲ್ಲಿ ಚಂಡಮಾರುತಗಳ ಕಾಲ. ಅದು ಮುಗಿಯುತ್ತಾ ಬಂದಂತೆ ದೋಣಿಗಳು ದಕ್ಷಿಣಕ್ಕೆ ಮುಖ ಮಾಡುತ್ತವೆ. ವರ್ಜೀನಿಯಾದ ನಾರ್ಫೋಕ್‌ನಿಂದ ಫ್ಲಾರಿಡಾದ ಮಯಾಮಿವರೆಗೆ ನದಿ, ಹಿನ್ನೀರು, ಕಾಲುವೆಗಳನ್ನು ಜೋಡಿಸಿದ ಒಳನಾಡ ಜಲಮಾರ್ಗವಿದೆ. ಉದ್ದ ಸುಮಾರು 1,750 ಕಿಲೋಮೀಟರ್. ಇಷ್ಟು ದೂರದ ತನಕ ದಡ ಪಕ್ಕದಲ್ಲೇ ಇರುತ್ತದೆ. ನಿಜವಾದ ಪರೀಕ್ಷೆ ಆ ಮೇಲೆ.

ಅವರು ಹೋಗಬೇಕಾಗಿರುವುದು ಬಹಾಮಾಸ್ ದ್ವೀಪಗಳಿಗೆ. ಮಯಾಮಿಯಿಂದ ಹತ್ತಿರದ ಬಿಮಿನಿ ದ್ವೀಪಕ್ಕೆ ಕೇವಲ 80 ಕಿಲೋಮೀಟರ್. ಆದರೆ ನಡುವೆ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಸಮುದ್ರ ಪ್ರವಾಹವಿದೆ. ಕಡಲಿನೊಳಗೆ ಒಂದು ಮಹಾನದಿ ಉತ್ತರಕ್ಕೆ ಹರಿಯುತ್ತಿದೆ ಎಂದುಕೊಳ್ಳಿ. ಅದರ ವೇಗ ಗಂಟೆಗೆ ಸರಾಸರಿ ಆರು ಕಿಲೋಮೀಟರಿಗಿಂತ ಹೆಚ್ಚು. ಸಣ್ಣ ಹಾಯಿದೋಣಿಯ ವೇಗವೇ ಹತ್ತರ ಆಸುಪಾಸು. ಆದ್ದರಿಂದ ಬಿಮಿನಿ ತಲುಪಬೇಕಾದರೆ ಬಿಮಿನಿಯ ಕಡೆಗೆ ನೇರ ಮುಖ ಮಾಡುವಂತಿಲ್ಲ. ಅದಕ್ಕಿಂತ ಬಹಳ ದಕ್ಷಿಣಕ್ಕೆ ಗುರಿಯಿಟ್ಟರೆ ಪ್ರವಾಹವೇ ಉತ್ತರಕ್ಕೆ ತಳ್ಳಿ ಸರಿಯಾದ ಜಾಗಕ್ಕೆ ತಂದು ಬಿಡುತ್ತದೆ.

ಉತ್ತರದಿಂದ ಗಾಳಿ ಬೀಸುವಾಗ ಮಾತ್ರ ಯಾರೂ ದಾಟಬಾರದು. ನೀರು ಉತ್ತರಕ್ಕೆ ಓಡುತ್ತಿರುವಾಗ ಗಾಳಿ ಅದಕ್ಕೆ ಎದುರಾದರೆ ಅಲೆಗಳು ಗೋಡೆಯಂತೆ ಏಳುತ್ತವೆ. ಚಳಿಗಾಲದಲ್ಲಿ ಶೀತಗಾಳಿಯ ಅಲೆ ಮೇಲಿಂದ ಮೇಲೆ ಬರುತ್ತಲೇ ಇರುತ್ತದೆ. ಎರಡು ಅಲೆಗಳ ನಡುವೆ ಗಾಳಿ ತಿರುಗಿ ಮೃದುವಾಗುವ ಒಂದೆರಡು ದಿನಗಳಿಗಾಗಿ ಕಾಯಬೇಕು. ಕೆಲವೊಮ್ಮೆ ವಾರಗಟ್ಟಲೆ. ‘ದೋಣಿಯಲ್ಲಿ ಎಲ್ಲಕ್ಕಿಂತ ಅಪಾಯದ ವಸ್ತು ಕ್ಯಾಲೆಂಡರ್’ ಎಂದು ಹಳೆಯ ನಾವಿಕರು ಹೇಳುವುದುಂಟು. ‘ಇಂಥ ತಾರೀಕಿಗೆ ತಲುಪಲೇಬೇಕು’ ಎಂದು ಹಟ ಹಿಡಿದವರೇ ಕೆಟ್ಟ ಗಾಳಿಗೆ ಸಿಕ್ಕಿಬೀಳುತ್ತಾರೆ.

ಹೊರಡುವುದು ಸಾಮಾನ್ಯವಾಗಿ ನಡುರಾತ್ರಿಯಲ್ಲಿ ಅಥವಾ ನಸುಕಿನಲ್ಲಿ. ಹಗಲಿರುವಾಗಲೇ ಆಚೆ ದಡ ಸೇರಬೇಕು. ರಾತ್ರಿ ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಮಲಗುತ್ತಾರೆ. ಕೆಲವು ಗಂಟೆಗಳಿಗೊಮ್ಮೆ ಪಾಳಿ ಬದಲು. ಎಚ್ಚರವಿರುವವರು ಸೊಂಟಪಟ್ಟಿಯನ್ನು ದೋಣಿಗೆ ಕೊಕ್ಕೆ ಹಾಕಿಕೊಂಡಿರಬೇಕು. ಇನ್ನೊಬ್ಬರನ್ನು ಎಬ್ಬಿಸದೆ ಕುಳಿತ ಜಾಗ ಬಿಟ್ಟು ಮುಂಭಾಗಕ್ಕೆ ಹೋಗಬಾರದು. ಯಾಕೆಂದರೆ ಕತ್ತಲಲ್ಲಿ ಒಬ್ಬರು ಜಾರಿ ನೀರಿಗೆ ಬಿದ್ದರೆ, ಮಲಗಿದವರಿಗೆ ಅದು ಗೊತ್ತಾಗುವುದು ಎದ್ದ ಮೇಲೆಯೇ. ಹಾಗೆ ನೋಡಿದರೆ ಆ ಗಾಢ ನಿದ್ದೆಗಿಂತ ದೊಡ್ಡ ನಂಬಿಕೆಯ ಮಾತು ಯಾವುದಿದೆ?

ಬಹಾಮಾಸ್ ಸೇರಿದ ಮೇಲೆ ನೀರು ಕನ್ನಡಿಯಂತೆ. ಗ್ರೇಟ್ ಬಹಾಮಾ ಬ್ಯಾಂಕ್ ಎಂಬ ವಿಶಾಲ ಮರಳದಿಬ್ಬದ ಮೇಲೆ ಬಹಳ ಕಡೆ ಆಳ ಕೆಲವೇ ಮೀಟರ್. ಕಡುನೀಲಿ ಎಂದರೆ ಆಳ, ತಿಳಿಹಸಿರು ಎಂದರೆ ಆಳ ಕಡಿಮೆ, ಕಂದು ಬಣ್ಣ ಕಂಡರೆ ಹವಳದ ಬಂಡೆಯಿರಬಹುದು. ಒಬ್ಬರು ಮುಂದೆ ನಿಂತು ನೀರಿನ ಬಣ್ಣ ಓದಿ ಹೇಳಬೇಕು, ಇನ್ನೊಬ್ಬರು ಹಿಂದೆ ಚುಕ್ಕಾಣಿ ತಿರುಗಿಸಬೇಕು. ಲಂಗರು ಹಾಕುವಾಗಲೂ ಹಾಗೆಯೇ. ಗಾಳಿಯ ಸದ್ದಿಗೆ ಮಾತು ಕೇಳಿಸದೆ ಕೂಗಾಟ, ಕೂಗಾಟದಿಂದ ಜಗಳ! ಅದಕ್ಕೇ ಇಬ್ಬರೂ ಕಿವಿಗೆ ಹಾಕಿಕೊಂಡು ಮೆಲ್ಲಗೆ ಮಾತನಾಡುವ ಸಾಧನವೊಂದು ಮಾರುಕಟ್ಟೆಯಲ್ಲಿದೆ. ದೋಣಿಯವರು ಅದಕ್ಕೆ ಇಟ್ಟ ಅಡ್ಡಹೆಸರು ‘ಮದುವೆ ಉಳಿಸುವ ಯಂತ್ರ’.

ಕ್ರಿಸ್ಮಸ್ ದಿನ ದೋಣಿಯ ಪುಟ್ಟ ಒಲೆಯಲ್ಲಿ ಒಂದೇ ಪಾತ್ರೆಯ ಅಡುಗೆ. ಸಿಹಿನೀರು ಅಳೆದು ಬಳಸಬೇಕು, ಪಾತ್ರೆ ತೊಳೆಯಲು ಕಡಲ ನೀರೇ ಗತಿ. ಮರುದಿನ, ಡಿಸೆಂಬರ್ 26ರ ನಸುಕಿನಲ್ಲಿ, ರಾಜಧಾನಿ ನಸಾವಿನ ಬೀದಿಗಳಲ್ಲಿ ಜಂಕನೂ ಮೆರವಣಿಗೆ. ಆಡಿನ ಚರ್ಮದ ಡೋಲು, ಹಸುವಿನ ಕೊರಳ ಗಂಟೆ, ಬಣ್ಣದ ಕಾಗದದ ವೇಷ. ಗುಲಾಮರಿಗೆ ಕ್ರಿಸ್ಮಸ್ ಹೊತ್ತಿಗೆ ಸಿಗುತ್ತಿದ್ದ ಅಲ್ಪ ಬಿಡುವಿನಲ್ಲಿ ಹುಟ್ಟಿದ ಹಬ್ಬವಿದು ಎನ್ನುತ್ತಾರೆ. ಯುನೆಸ್ಕೋ 2023ರಲ್ಲಿ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟೆಲ್ಲ ಚಂದದ ರಜೆಗೆ ಒಂದು ಷರತ್ತಿದೆ. ‘ದೋಣಿ ನಡೆಸುವುದು ನಾನು, ಅಡುಗೆ ನೀನು’ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಗಂಡನೇ ನೀರಿಗೆ ಬಿದ್ದರೆ ಏನು ಗತಿ? ತೇಲುವ ಬಳೆ ಎಸೆಯುವುದು, ಅವನ ಮೇಲಿಟ್ಟ ಕಣ್ಣು ಕೀಳದೆ ದೋಣಿ ತಿರುಗಿಸುವುದು, ಹಾಯಿ ಇಳಿಸುವುದು, ರೇಡಿಯೋದಲ್ಲಿ ಸಹಾಯ ಕೇಳುವುದು ಎಲ್ಲವನ್ನೂ ಹೆಂಡತಿಯೊಬ್ಬಳೇ ಮಾಡಬೇಕು. ಅದಕ್ಕಾಗಿ ತಿಳಿದವರು ದಡ ಬಿಡುವ ಮುನ್ನ ಕೆಲಸ ಅದಲುಬದಲು ಮಾಡಿ ಅಭ್ಯಾಸ ಮಾಡುತ್ತಾರೆ.

ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿಯ ಹೆಸರು ಹಾಯಿದೋಣಿಯ ಲೋಕದಲ್ಲಿ ಪ್ರಸಿದ್ಧ. ತಾವೇ ಕಟ್ಟಿದ, ಎಂಜಿನ್ ಇಲ್ಲದ ಪುಟ್ಟ ದೋಣಿಗಳಲ್ಲಿ ಇಬ್ಬರೇ ದಶಕಗಳ ಕಾಲ ಲೋಕ ಸುತ್ತಿದರು. ಮೊದಲ ದೋಣಿ ಸೆರಾಫಿನ್‌ನ ಉದ್ದ 24 ಅಡಿಯ ಚಿಲ್ಲರೆ ಅಷ್ಟೇ. ಲ್ಯಾರಿ ಕಾಯಿಲೆ ಬಿದ್ದು 2020ರಲ್ಲಿ ತೀರಿಕೊಂಡರು. ಲಿನ್ ಆ ಮೇಲೂ ಕಡಲ ಪಯಣ ಬಿಡಲಿಲ್ಲ. ಚುಕ್ಕಾಣಿ ಹಿಡಿಯುವುದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತಲ್ಲ!

ಈಗ ನಮ್ಮ ಮನೆಯ ಕಡೆ ನೋಡೋಣ. ಬ್ಯಾಂಕಿನ ಪಾಸ್‌ಬುಕ್, ವಿಮೆಯ ಕಾಗದ, ಜಾಗದ ತೀರ್ವೆ ರಶೀದಿ ಎಲ್ಲಿದೆ ಎಂದು ಎಷ್ಟು ಮಂದಿ ಹೆಂಡತಿಯರಿಗೆ ಗೊತ್ತು? ಮಗುವಿಗೆ ಯಾವ ಔಷಧ ಆಗುವುದಿಲ್ಲ, ಮನೆಯಲ್ಲಿ ಅಕ್ಕಿ ಎಷ್ಟಿದೆ, ಅಮ್ಮನ ಮಾತ್ರೆ ಯಾವ ಹೊತ್ತಿಗೆ ಎಂದು ಎಷ್ಟು ಮಂದಿ ಗಂಡಂದಿರಿಗೆ ಗೊತ್ತು? ಸಾವಿನ ಮನೆಯಲ್ಲಿ, ಆಸ್ಪತ್ರೆಯ ವರಾಂಡದಲ್ಲಿ ‘ಅದೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು’ ಎಂಬ ಮಾತು ಎಷ್ಟು ಸಲ ಕೇಳಿಲ್ಲ ನಾವು?

ನಮಗೆ ದೋಣಿಯೂ ಬೇಡ, ಬಹಾಮಾಸೂ ಬೇಡ. ಈ ಕ್ರಿಸ್ಮಸ್ ರಜೆಯಲ್ಲಿ ನೆಂಟರೆಲ್ಲ ಹೋದ ಮೇಲೆ ಒಂದು ಸಂಜೆ ಟಿ.ವಿ. ಆರಿಸಿ, ಇಬ್ಬರೂ ಎದುರುಬದುರು ಕುಳಿತುಕೊಳ್ಳಿ. ಕಪಾಟಿನ ಕೀಲಿ ಎಲ್ಲಿದೆ ಎಂಬಲ್ಲಿಂದಲೇ ಮಾತು ಶುರುವಾಗಲಿ.