ಉಚಿತ ಟಿವಿ ಎಂದರೆ ಮಬ್ಬು ಟಿವಿಯೇ?

ಅಮೆರಿಕದ ನ್ಯೂಕ್ಯಾಸಲ್‌ನಲ್ಲಿ ಆಂಟೆನಾ ಇದ್ದವರಿಗೆ ಎಚ್‌ಡಿ ಪುಕ್ಕಟೆ. ಕನ್ನಡದ ವೀಕ್ಷಕರಿಗೆ ಮಾತ್ರ ಅದಕ್ಕೆ ತಿಂಗಳ ಬಾಡಿಗೆ

ಸಿಯಾಟಲ್‌ನಿಂದ ವಾಷಿಂಗ್ಟನ್ ಸರೋವರ ದಾಟಿದರೆ ಬೆಲ್‌ವ್ಯೂ ಮತ್ತು ರೆಂಟನ್ ನಡುವೆ ನ್ಯೂಕ್ಯಾಸಲ್ ಎಂಬ ಪುಟ್ಟ ಊರಿದೆ. ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳಿಗೆ ಹೆಸರಾಗಿದ್ದ ಈ ಊರು 1994ರಲ್ಲಿ ಸ್ವತಂತ್ರ ನಗರಾಡಳಿತ ಪಡೆಯಿತು. ಈಗಿನ ಜನಸಂಖ್ಯೆ ಸುಮಾರು 13 ಸಾವಿರ. ಇಲ್ಲಿ ಪಶ್ಚಿಮಕ್ಕೆ ತೆರೆದ ಕಿಟಕಿಗೊಂದು ಆಂಟೆನಾ ಸಿಕ್ಕಿಸಿ ಟಿವಿಗೆ ಜೋಡಿಸಿದರೆ ಎಬಿಸಿಯ ಕೋಮೊ 4, ಎನ್‌ಬಿಸಿಯ ಕಿಂಗ್ 5, ಸಿಬಿಎಸ್‌ನ ಕೈರೊ 7 ವಾಹಿನಿಗಳು ಎಚ್‌ಡಿ ಗುಣಮಟ್ಟದಲ್ಲಿ ಮೂಡುತ್ತವೆ. ಅದಕ್ಕೆ ತಿಂಗಳ ಬಿಲ್ ಇಲ್ಲ, ಇಂಟರ್‌ನೆಟ್ ಬೇಡ, ಪಾಸ್‌ವರ್ಡ್ ಬೇಡ. ಮೈಕ್ರೊಸಾಫ್ಟ್, ಅಮೆಜಾನ್‌ಗಳ ನೆರಳಿನಲ್ಲೇ ಇರುವ, ಎಲ್ಲವನ್ನೂ ಚಂದಾ ಕಟ್ಟಿಯೇ ಪಡೆಯುವ ಸೀಮೆಯಲ್ಲಿ ಈ ಸೌಲಭ್ಯ ಉಳಿದುಕೊಂಡಿದೆ ಎಂಬುದೇ ಯೋಚಿಸಬೇಕಾದ ಸಂಗತಿ.

ಇದು ತಾನಾಗಿ ಉಳಿದದ್ದಲ್ಲ, ಕಾನೂನು ಉಳಿಸಿದ್ದು. ಅಮೆರಿಕದ ಪೂರ್ಣ ಸಾಮರ್ಥ್ಯದ ಟಿವಿ ಕೇಂದ್ರಗಳು ಅನಲಾಗ್ ಪ್ರಸಾರ ನಿಲ್ಲಿಸಿದ್ದು 2009ರ ಜೂನ್ 12ರಂದು. ಮೊದಲು ನಿಗದಿಯಾಗಿದ್ದ ದಿನ ಫೆಬ್ರುವರಿ 17. ಜನ ಇನ್ನೂ ಸಿದ್ಧರಾಗಿಲ್ಲ ಎಂದು ಅಲ್ಲಿನ ಸಂಸತ್ತು ಗಡುವನ್ನೇ ಮುಂದೂಡಿತು. ಹಳೆಯ ಟಿವಿ ಇದ್ದವರಿಗೆ ಪರಿವರ್ತಕ ಪೆಟ್ಟಿಗೆ ಕೊಳ್ಳಲು ತಲಾ 40 ಡಾಲರ್‌ ಮೌಲ್ಯದ ಕೂಪನ್‌ಗಳನ್ನು, ಮನೆಗೆ ಎರಡರವರೆಗೆ, ಸರ್ಕಾರವೇ ಕೊಟ್ಟಿತು. ಅದಕ್ಕೂ ಮೊದಲು, 1996ರಲ್ಲೇ, ಅಲ್ಲಿನ ಪ್ರಸಾರ ನಿಯಂತ್ರಕ ಸಂಸ್ಥೆಯಾದ ಸಂವಹನ ಆಯೋಗ ಇನ್ನೊಂದು ಕೆಲಸ ಮಾಡಿತ್ತು. ಬಡಾವಣೆಯ ಅಂದ ಕೆಡುತ್ತದೆ ಎಂಬ ನೆಪದಲ್ಲಿ ನಿವಾಸಿಗಳ ಸಂಘಗಳು ಟಿವಿ ಆಂಟೆನಾವನ್ನು ನಿಷೇಧಿಸುವಂತಿಲ್ಲ ಎಂಬ ನಿಯಮ ತಂದಿತ್ತು. 1999ರಲ್ಲಿ ಆ ರಕ್ಷಣೆ ಬಾಡಿಗೆದಾರರ ಬಾಲ್ಕನಿಗೂ ವಿಸ್ತರಿಸಿತು. ಪ್ರಸಾರ ಉಚಿತವಾಗಿದ್ದರೆ ಸಾಲದು, ಅದನ್ನು ಹಿಡಿಯುವ ಹಕ್ಕೂ ಬೇಕು ಎಂಬ ಸರಳ ತಿಳಿವಳಿಕೆ ಇದರ ಹಿಂದಿದೆ.

ಹಾಗೆಂದು ನ್ಯೂಕ್ಯಾಸಲ್‌ನ ಎಲ್ಲ ಮನೆಗಳಿಗೂ ಚಿತ್ರ ಒಂದೇ ಸಮ ಸಿಗುವುದಿಲ್ಲ. ಊರು ಕೂಗರ್ ಬೆಟ್ಟದ ಪಶ್ಚಿಮ ಇಳಿಜಾರಿನಲ್ಲಿದೆ. ಸಿಯಾಟಲ್‌ನ ಕ್ವೀನ್ ಆ್ಯನ್ ಮತ್ತು ಕ್ಯಾಪಿಟಲ್ ಹಿಲ್ ಗುಡ್ಡಗಳ ಮೇಲಿನ ಗೋಪುರಗಳು ವಾಯವ್ಯಕ್ಕಿವೆ. ಫಾಕ್ಸ್‌ ಜಾಲದ 13ನೇ ವಾಹಿನಿಯ ಗೋಪುರ ಇನ್ನೂ ದೂರದ ಬ್ರೆಮರ್ಟನ್ ಬಳಿಯ ಗೋಲ್ಡ್ ಮೌಂಟನ್ ಮೇಲಿದೆ. 9, 11 ಮತ್ತು 13ನೇ ವಾಹಿನಿಗಳು ವಿಎಚ್‌ಎಫ್ ತರಂಗದಲ್ಲಿ ಬರುವುದರಿಂದ ಅಂಗಡಿಯಲ್ಲಿ ಸಿಗುವ ಚಪ್ಪಟೆ ಆಂಟೆನಾಗಳಿಗೆ ಅವು ಸುಲಭಕ್ಕೆ ದಕ್ಕುವುದಿಲ್ಲ. ಕೋಲ್ ಕ್ರೀಕ್ ಕಣಿವೆಯ ತಗ್ಗಿನಲ್ಲಿದ್ದವರು ಸೂರಿನ ಮೇಲೆಯೇ ಆಂಟೆನಾ ಏರಿಸಬೇಕಾದೀತು. ಆದರೆ ಅಲ್ಲಿ ನೋಡುಗನಿಗೆ ಅಡ್ಡ ಬರುವುದು ಬೆಟ್ಟ, ಬಿಲ್ ಅಲ್ಲ.

ಮಾರುಕಟ್ಟೆಯೂ ಮತ್ತೆ ಇದೇ ದಾರಿಗೆ ಬರುತ್ತಿದೆ. ಸಿಯಾಟಲ್‌ನ ಐಸ್ ಹಾಕಿ ತಂಡ ಕ್ರೇಕನ್ 2024ರಲ್ಲಿ ಪಾವತಿ ಕ್ರೀಡಾ ವಾಹಿನಿಯನ್ನು ಬಿಟ್ಟು ತನ್ನ ಪಂದ್ಯಗಳನ್ನು ಕಿಂಗ್ 5 ಮತ್ತು ಅದರ ಸೋದರ ವಾಹಿನಿ ಕಾಂಗ್‌ಗೆ ಒಪ್ಪಿಸಿತು. ಜನ ಕೇಬಲ್ ಕಡಿದುಕೊಂಡಾಗ ಪಾವತಿ ವಾಹಿನಿಯ ಆಟ ಯಾರಿಗೂ ಕಾಣದಾಗುತ್ತದೆ. ಕಾಣದ ತಂಡಕ್ಕೆ ಹೊಸ ಅಭಿಮಾನಿಗಳು ಹುಟ್ಟುವುದಿಲ್ಲ. ಉಚಿತ ಪ್ರಸಾರ ವ್ಯಾಪಾರಕ್ಕೂ ಲಾಭದ್ದೇ ಎಂಬ ಲೆಕ್ಕ ಇದು.

ಈಗ ನಮ್ಮತ್ತ ನೋಡೋಣ. ಉಚಿತ ಟಿವಿಯ ಇತಿಹಾಸದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮಗಳು ಇಳಿದವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಗುವ ಹೊತ್ತಿಗೆ 1981 ಬಂದಿತ್ತು. ಅಂದರೆ ರಾಜಧಾನಿಗಿಂತ ಮೊದಲು ಬಿಸಿಲುಸೀಮೆಯ ಹಳ್ಳಿಗಳು ಟಿವಿ ಕಂಡಿದ್ದವು. 2004ರ ಡಿಸೆಂಬರ್‌ನಲ್ಲಿ ಶುರುವಾದ ಡಿಡಿ ಡೈರೆಕ್ಟ್ ಪ್ಲಸ್, ಈಗಿನ ಡಿಡಿ ಫ್ರೀ ಡಿಶ್, ಅದೇ ಪರಂಪರೆಯ ಮುಂದುವರಿಕೆ. 2022ರ ಹೊತ್ತಿಗೆ ಪ್ರಸಾರ ಭಾರತಿ ಆಯಕಟ್ಟಿನ ಕೆಲವು ಜಾಗಗಳನ್ನು ಬಿಟ್ಟು ದೇಶದ ಅನಲಾಗ್ ಟಿವಿ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚಿತು. ಹೀಗಾಗಿ ಉಚಿತ ಟಿವಿಗೆ ಬಹುಪಾಲು ಜನರಿಗೆ ಇಂದು ಉಳಿದಿರುವ ದಾರಿ ಈ ಡಿಶ್ ಒಂದೇ.

ಉಪಗ್ರಹಕ್ಕೆ ಬೆಟ್ಟದ ಅಡ್ಡಿಯಿಲ್ಲ, ರಾಜ್ಯದ ಗಡಿಯೂ ಇಲ್ಲ. ಕಾಸರಗೋಡು, ತಾಳವಾಡಿ, ಮಡಕಶಿರಾ, ಅಕ್ಕಲಕೋಟೆಗಳಲ್ಲಿ ಕೇಬಲ್ ಪಟ್ಟಿಯನ್ನು ನಿರ್ಧರಿಸುವುದು ಆಯಾ ರಾಜ್ಯದ ಮಾರುಕಟ್ಟೆ. ಅಲ್ಲಿನ ಕನ್ನಡಿಗರ ಮನೆಗೆ ಚಂದನ ವಾಹಿನಿ ಯಾರ ಅಪ್ಪಣೆಯೂ ಇಲ್ಲದೆ ತಲುಪುವುದು ಫ್ರೀ ಡಿಶ್‌ನಿಂದ. ಇಷ್ಟು ದೊಡ್ಡ ಸಾಧನವನ್ನು ಕಟ್ಟಿದ ಮೇಲೆ ಗುಣಮಟ್ಟದ ವಿಚಾರದಲ್ಲಿ ಮಾತ್ರ ನಾವು ಕೈಚೆಲ್ಲಿದ್ದೇವೆ. ಫ್ರೀ ಡಿಶ್‌ನ ಬಹುಪಾಲು ವಾಹಿನಿಗಳು ಇಂದಿಗೂ ಹಳೆಯ ಎಸ್‌ಡಿ ದರ್ಜೆಯವು, ಅವುಗಳಲ್ಲೂ ಹಿಂದಿಯದೇ ಮೇಲುಗೈ. ಕನ್ನಡದ ಪ್ರಮುಖ ಮನರಂಜನಾ ವಾಹಿನಿಗಳ ಎಚ್‌ಡಿ ರೂಪಗಳೆಲ್ಲ ಪಾವತಿಯವು. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2017ರ ನಿಯಮ ಸಂಪರ್ಕ ಶುಲ್ಕದ ಲೆಕ್ಕದಲ್ಲಿ ಒಂದು ಎಚ್‌ಡಿ ವಾಹಿನಿಯನ್ನು ಎರಡು ಎಸ್‌ಡಿಗೆ ಸಮವೆಂದು ಎಣಿಸಿತ್ತು. ದುಡ್ಡಿದ್ದವರಿಗೆ ಸ್ಪಷ್ಟ ಚಿತ್ರ, ಇಲ್ಲದವರಿಗೆ ಮಸುಕು ಚಿತ್ರ ಎಂಬ ವಿಂಗಡಣೆ ಸಹಜವೆಂಬಂತೆ ನಡೆದುಬಂದಿದೆ.

ಇದನ್ನು ಒಪ್ಪಿಕೊಳ್ಳಬೇಕಾಗಿಲ್ಲ. ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ, ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ, ಸಾರಿದೆ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಂಕೇತವನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು ಎಂಬ ಕಾಯ್ದೆ 2007ರಿಂದ ಇದೆ. ಆ ಸಂಕೇತ ದೂರದರ್ಶನದ ಭೂಪ್ರಸಾರ ಮತ್ತು ಉಚಿತ ಡಿಶ್‌ಗೆ ಸೀಮಿತ, ಖಾಸಗಿ ಕೇಬಲ್‌ಗೆ ಹೋಗಬಾರದು ಎಂದು 2017ರಲ್ಲಿ ಅದೇ ನ್ಯಾಯಾಲಯ ಹೇಳಿತು. ಕಾನೂನಿನ ಚೌಕಟ್ಟು ಇದೆ. ಅದರೊಳಗಿನ ಚಿತ್ರ ಎಷ್ಟು ಸ್ಪಷ್ಟವಾಗಿರಬೇಕು ಎಂದು ಮಾತ್ರ ಯಾರೂ ಪಟ್ಟು ಹಿಡಿದಿಲ್ಲ.

ಮೊಬೈಲ್ ಯುಗದಲ್ಲಿ ಆಂಟೆನಾ, ಡಿಶ್ ಯಾರಿಗೆ ಬೇಕು ಎಂಬ ಪ್ರಶ್ನೆ ಸಹಜ. ಇಂಟರ್‌ನೆಟ್‌ನಲ್ಲಿ ನೋಡುವವರು ಹೆಚ್ಚಿದಂತೆ ಜಾಲದ ಮೇಲಿನ ಹೊರೆ ಹೆಚ್ಚುತ್ತದೆ, ಡೇಟಾ ಕರಗುತ್ತದೆ. ಪ್ರಸಾರದಲ್ಲಿ ಸಾವಿರ ಮಂದಿ ನೋಡಿದರೂ ಕೋಟಿ ಮಂದಿ ನೋಡಿದರೂ ಖರ್ಚು ಒಂದೇ. ಮಡಿಕೇರಿಯಲ್ಲೋ ಆಗುಂಬೆಯಲ್ಲೋ ಮಳೆಗೆ ಫೈಬರ್ ತುಂಡಾದ ದಿನ ಎಚ್ಚರಿಕೆಯ ಮಾತು ತಲುಪಿಸಲು ಅದಕ್ಕಿಂತ ಅಗ್ಗದ ಮಾರ್ಗವಿಲ್ಲ. ಹಣವಿಲ್ಲ ಎನ್ನುವಂತೆಯೂ ಇಲ್ಲ. ಆಕಾಶವಾಣಿ–ದೂರದರ್ಶನಗಳ ಸುಧಾರಣೆಗೆಂದು ಕೇಂದ್ರ ಸಂಪುಟ 2023ರ ಜನವರಿಯಲ್ಲಿ ₹2,539.61 ಕೋಟಿಯ ‘ಬೈಂಡ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದುರ್ಗಮ ಮತ್ತು ಗಡಿ ಪ್ರದೇಶಗಳಿಗೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಪೆಟ್ಟಿಗೆಗಳನ್ನು ಹಂಚುವ ಮಾತೂ ಅದರಲ್ಲಿತ್ತು.

ಮುಂದಿನ ಅಪಾಯ ಬೇರೆಯದು, ಅದರ ಎಳೆ ಬೆಂಗಳೂರಿಗೂ ತಾಗಿದೆ. ಅಮೆರಿಕ ಈಗ ಎಟಿಎಸ್‌ಸಿ 3.0 ಎಂಬ ಹೊಸ ಪ್ರಸಾರ ಮಾನದಂಡಕ್ಕೆ ಹೊರಳುತ್ತಿದೆ. ಸಿಯಾಟಲ್‌ನಂತಹ ದೊಡ್ಡ ಮಾರುಕಟ್ಟೆಗಳಲ್ಲಿ 2028ರ ಫೆಬ್ರುವರಿಯೊಳಗೆ ಹಳೆಯದನ್ನು ಬಿಟ್ಟು ಪೂರ್ತಿ ಹೊಸದಕ್ಕೆ ಹೊರಳುವ ಗಡುವು ವಿಧಿಸಬೇಕೆಂದು ಪ್ರಸಾರಕರ ಒಕ್ಕೂಟ 2025ರಲ್ಲಿ ಸಂವಹನ ಆಯೋಗಕ್ಕೆ ಅರ್ಜಿ ಹಾಕಿತು. ತಂತ್ರಜ್ಞಾನ ಒಳ್ಳೆಯದೇ. ಆದರೆ ಅನೇಕ ವಾಹಿನಿಗಳು ಉಚಿತ ಸಂಕೇತಕ್ಕೂ ಎನ್‌ಕ್ರಿಪ್ಷನ್ ಬೀಗ ಜಡಿಯುತ್ತಿವೆ. ಅನುಮತಿ ಪಡೆದ ಪೆಟ್ಟಿಗೆಯಲ್ಲಷ್ಟೇ ತೆರೆಯುವ ಪ್ರಸಾರವನ್ನು ಎಷ್ಟರ ಮಟ್ಟಿಗೆ ಉಚಿತ ಎನ್ನಬಹುದು? ಇದೇ ಮಾನದಂಡಕ್ಕೆ ಚಿಪ್ ರೂಪಿಸಿದ್ದು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್. ಅದಕ್ಕೆ ಜೊತೆಯಾದದ್ದು ಸಿಯಾಟಲ್‌ನ ಕೋಮೊ ವಾಹಿನಿಯ ಒಡೆತನ ಹೊಂದಿರುವ ಸಿಂಕ್ಲೇರ್ ಸಮೂಹ. ಸಿಮ್ ಮತ್ತು ಡೇಟಾ ಇಲ್ಲದೆ ಮೊಬೈಲ್‌ಗೆ ನೇರ ಟಿವಿ ತಲುಪಿಸುವ ಭಾರತದ ‘ಡಿ2ಎಂ’ ಪ್ರಯೋಗವೂ ಇದೇ ತಂತ್ರಜ್ಞಾನದ ಮೇಲೆ ಬೆಂಗಳೂರು, ದೆಹಲಿ, ನೊಯಿಡಾಗಳಲ್ಲಿ ನಡೆದಿದೆ. ಬೀಗ ಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾದ ಹೊತ್ತು ಇದೇ. ಯಂತ್ರಗಳು ಕೋಟಿ ಕೈಗಳಿಗೆ ಮಾರಾಟವಾದ ಮೇಲೆ ನಿಯಮ ಬರೆದು ಪ್ರಯೋಜನವಿಲ್ಲ.

ಕರ್ನಾಟಕದ ಸಂಸದರು ಮೂರು ಬೇಡಿಕೆಗಳನ್ನು ಪಕ್ಷಭೇದವಿಲ್ಲದೆ ಮಂಡಿಸಬೇಕು. ಫ್ರೀ ಡಿಶ್‌ನಲ್ಲಿ ಕನ್ನಡಕ್ಕೆ ಪೂರ್ಣ ಎಚ್‌ಡಿ ಗುಣಮಟ್ಟದ ಜಾಗ ಖಾತರಿಯಾಗಬೇಕು, ಅದು ಚಂದನದಿಂದಲೇ ಶುರುವಾಗಬೇಕು. ಅಪಾರ್ಟ್‌ಮೆಂಟ್ ಸಂಘವಾಗಲೀ ಮನೆ ಮಾಲೀಕರಾಗಲೀ ಉಚಿತ ಪ್ರಸಾರದ ಡಿಶ್ ಅಥವಾ ಆಂಟೆನಾವನ್ನು ತಡೆಯುವಂತಿಲ್ಲ ಎಂಬ ಸ್ಪಷ್ಟ ನಿಯಮ ಬರಬೇಕು. ಡಿ2ಎಂ ಜಾರಿಯಾಗುವುದಾದರೆ ಉಚಿತ ವಾಹಿನಿಗಳಿಗೆ ಎನ್‌ಕ್ರಿಪ್ಷನ್ ನಿಷೇಧವಾಗಬೇಕು. ತರಂಗ ಜನರ ಆಸ್ತಿಯಾದ ಮೇಲೆ ಅದರಲ್ಲಿ ಬರುವ ಚಿತ್ರವನ್ನು ಸ್ಪಷ್ಟವಾಗಿ ಕಾಣುವುದು ಅವರ ಹಕ್ಕು. ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟುವ ವ್ಯವಸ್ಥೆಯನ್ನು ಸರ್ಕಾರ ಇನ್ನೂ ಪೋಷಿಸಬಾರದು.